ಬ್ಯಾಟರಿಗೆ ಕೈ ಹಾಕೋಕೆ ಜಾಗವೇ ಇಲ್ಲ, ಏನು ಮಾಡಲಿ?

ಬಸವನಗುಡಿ ಸವಾರ:
ಮಳೆ ಅಂತ ಟೂರಿಂಗ್ ಬೈಕ್ ಮೂರು ವಾರ ಪಾರ್ಕಿಂಗ್‌ನಲ್ಲೇ ನಿಂತಿತ್ತು, ಈಗ ಬಟನ್ ಒತ್ತಿದರೆ ಬರೀ ಟಕ್ ಟಕ್ ಅನ್ನುತ್ತದೆ. ಸೀಟ್ ಬಿಚ್ಚಿದೆ. ಬ್ಯಾಟರಿ ಕಾಣಿಸುತ್ತದೆ, ಆದರೆ ಸ್ಪ್ಯಾನರ್ ತಿರುಗಿಸೋಕೆ ಜಾಗ ಇಲ್ಲ. ಚಾರ್ಜ್ ಮಾಡೋಕೆ ಪ್ರತಿ ಸಲ ಇಷ್ಟೆಲ್ಲಾ ಬಿಚ್ಚಬೇಕಾ? ಮೊಬೈಲ್ ಚಾರ್ಜರನ್ನೂ ಇದಕ್ಕೇ ನೇರ ಕೊಡಬಹುದಾ?

ಹಳೇ ಸವಾರ:
ಕೀ ಆಫ್ ಮಾಡಿ, ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ. ಯಾಕೆಂದರೆ ಮೈನಸ್ ಫ್ರೇಮಿಗೆ ಸೇರಿರುತ್ತದೆ, ಅದನ್ನು ಬಿಚ್ಚದೆ ಪ್ಲಸ್‌ಗೆ ಹಾಕಿದ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ನನ್ನ ಸ್ಪ್ಯಾನರ್ ಮೇಲೆ ಆ ಗುರುತು ಇನ್ನೂ ಇದೆ! ಪದೇ ಪದೇ ಬಿಚ್ಚೋದು ಬೇಡ ಅಂದರೆ, ಫ್ಯೂಸ್ ಇರುವ ಚಾರ್ಜಿಂಗ್ ವೈರ್ ಒಂದನ್ನು ಟರ್ಮಿನಲ್‌ಗೆ ಕೂರಿಸಿ ತುದಿಯನ್ನು ಸೀಟ್ ಪಕ್ಕ ಹೊರಗೆ ಬಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ.

ರಾಜಾಜಿನಗರ ವೈರಿಂಗ್:
ಅದಕ್ಕೂ ಮುಂಚೆ ಮಲ್ಟಿಮೀಟರ್ ಇಡಿ. ಲೆಡ್ ಆಸಿಡ್ ಬ್ಯಾಟರಿ ಫುಲ್ ಇದ್ದರೆ 12.6 ವೋಲ್ಟ್ ಆದರೂ ತೋರಿಸಬೇಕು. ಮೊಬೈಲ್ ಚಾರ್ಜರ್ ನೇರ ಕೊಟ್ಟರೆ ಕೀ ತೆಗೆದ ಮೇಲೂ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ, ಸುಮ್ನೆ ಕೀ ಆಫ್ ಆದರೆ ಕರೆಂಟ್ ತಾನೇ ಕಡಿಯುವ ಹಾಗೆ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿಸಿ.

ಬಸವನಗುಡಿ ಸವಾರ:
11.9 ಇದೆ ಗುರುಗಳೇ. ಚಾರ್ಜಿಗೆ ಹಾಕಿದ್ದೇನೆ, ನಾಳೆ ಬೆಳಿಗ್ಗೆ ನೋಡಿ ಹೇಳ್ತೀನಿ.