‘ಗರಿ’ಯ ಮೊದಲ ಮುದ್ರಣದ ಪ್ರತಿಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಬೇಂದ್ರೆಯವರು ಜೈಲಿಗೆ ಹೋಗಲು ಕಾರಣವಾದ ‘ನರಬಲಿ’ ಕವನ ಇರುವ ‘ಗರಿ’ಯ 1932ರ ಮುದ್ರಣವನ್ನು ನೋಡಬೇಕಾಗಿದೆ. ನಂತರದ ಮುದ್ರಣಗಳ ಜೊತೆ ಪಾಠ ಹೋಲಿಸುವ ಕೆಲಸ. ಇಂಟರ್ನೆಟ್‌ನಲ್ಲಿ ಎರಡು ಗ್ರಂಥಾಲಯಗಳ ಪಟ್ಟಿಯಲ್ಲಿ ‘1932’ ಸಿಕ್ಕಿದೆ. ಅಷ್ಟು ಸಾಕೇ? ಇನ್ನೆಲ್ಲಿ ಹುಡುಕಲಿ?

ಉತ್ತರ (ನಿವೃತ್ತ ಗ್ರಂಥಪಾಲಕ): ಸಾಲದು ಮೇಡಂ. ಪಟ್ಟಿ ಮಾಡುವವರು ಎಷ್ಟೋ ಸಲ ಮುನ್ನುಡಿಯ ಕೆಳಗಿನ ತಾರೀಖನ್ನೇ ಪ್ರಕಟಣೆಯ ವರ್ಷ ಅಂತ ಬರೆದುಬಿಡುತ್ತಾರೆ. ಮುನ್ನುಡಿ ಮುದ್ರಣದಿಂದ ಮುದ್ರಣಕ್ಕೆ ಹಾಗೇ ಬರುತ್ತದಲ್ಲ! ಇಂಥದೇ ಇನ್ನೊಂದು ಪುಸ್ತಕಕ್ಕಾಗಿ ನಾನು ರಾತ್ರಿ ಬಸ್ಸು ಹಿಡಿದು ಹೋಗಿದ್ದೆ. ತೆರೆದರೆ ಬೆಲೆ ನಯೇ ಪೈಸೆಯಲ್ಲಿತ್ತು. ಅಂದರೆ 1957ರ ನಂತರದ್ದು.

ಹಾಗಂತ ಆಣೆಯಲ್ಲಿ ಬೆಲೆ ಇದ್ದರೆ ಮೊದಲ ಮುದ್ರಣವೆಂದೂ ಅಲ್ಲ, 1957ರವರೆಗೂ ಆಣೆಯೇ ಇತ್ತು. ಮೊದಲು ಗ್ರಂಥಾಲಯಕ್ಕೆ ಬರೆದು ಶೀರ್ಷಿಕೆ ಪುಟದ ಎರಡೂ ಬದಿಯ ಫೋಟೊ ಕೇಳಿ. ಇಸವಿ ಕಾಣದೆ ಸಂವತ್ಸರ ಮಾತ್ರ ಇದ್ದರೆ, 1932ರ ಯುಗಾದಿಯಿಂದ ಆಂಗೀರಸ, ಅದಕ್ಕೆ ಮುಂಚೆ ಪ್ರಜೋತ್ಪತ್ತಿ. ರಕ್ಷಾಪುಟದ ಆಸೆ ಇಟ್ಟುಕೊಳ್ಳಬೇಡಿ. ನಮ್ಮ ಬೈಂಡರುಗಳು ಅದನ್ನು ಕಿತ್ತೆಸೆದು ರಟ್ಟು ಹಾಕುತ್ತಿದ್ದರು. ನಾನೇ ಹಾಗೆ ಹಾಕಿಸಿದ್ದೇನೆ, ಈಗ ಕೈ ಹಿಸುಕಿಕೊಳ್ಳುತ್ತೇನೆ.

ಪ್ರಶ್ನೆ: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಎಲ್ಲ ಪುಸ್ತಕವೂ ಹೋಗುತ್ತದೆ ಅಂತಾರಲ್ಲ?

ಉತ್ತರ: ಹೊಸ ಪುಸ್ತಕದ ಪ್ರತಿಯನ್ನು ಆ ಗ್ರಂಥಾಲಯಕ್ಕೆ ಕಳಿಸಬೇಕೆಂಬ ಕಾನೂನು 1954ರದ್ದು, ನಿಮ್ಮ ಪುಸ್ತಕ ಅದಕ್ಕಿಂತ ಹಳೆಯದು. ನಿಮಗೆ ಬೇಕಾದ್ದು 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ. ಬ್ರಿಟಿಷ್ ಆಳ್ವಿಕೆಯ ಪ್ರದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದಲ್ಲೂ ಮುದ್ರಕರ ಹೆಸರು, ಮುದ್ರಣದ ಊರು ಇರಬೇಕಿತ್ತು. ಸರಕಾರಕ್ಕೆ ಪ್ರತಿ ಕೊಡಬೇಕಿತ್ತು. ಅವುಗಳ ಪಟ್ಟಿ ಮೂರು ತಿಂಗಳಿಗೊಮ್ಮೆ ಸರಕಾರಿ ಗೆಜೆಟ್ಟಿನಲ್ಲಿ ಬರುತ್ತಿತ್ತು. ಪುಟ, ಬೆಲೆ, ಎಷ್ಟು ಪ್ರತಿ ಅಚ್ಚಾಯಿತು ಎಂಬುದೂ ಅದರಲ್ಲಿರುತ್ತದೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರು ಸಂಸ್ಥಾನ ಬೇರೆ. ಹಾಗಾಗಿ ‘ಗರಿ’ ಯಾವ ಊರಲ್ಲಿ ಅಚ್ಚಾಯಿತು ಅನ್ನೋದೇ ಮೊದಲ ಸುಳಿವು. ಪ್ರಾಂತ್ಯದೊಳಗೆ ಆಗಿದ್ದರೆ ಮುಂಬಯಿಯ ಪಟ್ಟಿ ತಿರುವಿ. ಲಂಡನ್ನಿನಲ್ಲಿದ್ದ, ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿಗೆ ಆರಿಸಿ ತರಿಸಿಕೊಂಡ ಪುಸ್ತಕಗಳು ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಅಲ್ಲಿಗೂ ಒಂದು ಇಮೇಲ್ ಹಾಕಿ.

ಹುಡುಕುವಾಗ ‘ಬೇಂದ್ರೆ’ ಅಂತ ಮಾತ್ರ ಕೊಡಬೇಡಿ. ‘ಅಂಬಿಕಾತನಯದತ್ತ’, ‘ದತ್ತಾತ್ರೇಯ ರಾಮಚಂದ್ರ’ ಎಂದೂ ಹಾಕಿ ನೋಡಿ. ಸ್ಕ್ಯಾನ್ ಮಾಡಿದವರು ರೋಮನ್ ಲಿಪಿಯಲ್ಲಿ ಹೆಸರು ಬರೆದ ಕಾಗುಣಿತ ದೇವರಿಗೇ ಪ್ರೀತಿ.

ಬೇಂದ್ರೆಯವರ ಊರು ಧಾರವಾಡದಲ್ಲಾದರೆ ಸಾಧನಕೇರಿಯ ಬೇಂದ್ರೆ ಭವನ, 1890ರ ವಿದ್ಯಾವರ್ಧಕ ಸಂಘ, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ಮೂರನ್ನೂ ಕೇಳಿ. ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು.

ಪ್ರಶ್ನೆ: ಹಳೆ ಪುಸ್ತಕ ಮಾರುವವರೊಬ್ಬರು ಒಂದು ಪ್ರತಿ ಇದೆ ಅಂತಿದ್ದಾರೆ. ಗ್ರಂಥಾಲಯದ ಮೊಹರಿದೆಯಂತೆ. ಕೊಳ್ಳಲೇ?

ಉತ್ತರ: ಮೊಹರಿನ ಜೊತೆ ‘ವಜಾ’ ಮಾಡಿದ, ಅಂದರೆ ಗ್ರಂಥಾಲಯವೇ ಪುಸ್ತಕವನ್ನು ತನ್ನ ಸಂಗ್ರಹದಿಂದ ತೆಗೆದುಹಾಕಿದ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ದುಡ್ಡು ಕೊಡುವ ಮೊದಲು ಆ ಗ್ರಂಥಾಲಯಕ್ಕೇ ಫೋನ್ ಮಾಡಿ, ದಾಖಲೆ ಸಂಖ್ಯೆ ಹೇಳಿ ಕೇಳಿ. ಅವರು ‘ನಮ್ಮದು ಕಪಾಟಿನಲ್ಲೇ ಇದೆ’ ಅಂದರೆ, ಎದ್ದು ಹೋಗಿ ನೋಡಿ ಬನ್ನಿ ಅಂತಲೂ ಹೇಳಿ.