ಹಳೇ ಕಿಟಕಿಯ ಬಣ್ಣದಲ್ಲಿ ಸೀಸ: ಕೆರೆಸುವ ಮೊದಲು ಪರೀಕ್ಷೆ ಮಾಡಿಸಬೇಕಾ?

ಮೈಸೂರಿನ ಹಳೇಮನೆ
ನಮ್ಮ ತಾತ 1964ರಲ್ಲಿ ಕಟ್ಟಿಸಿದ ಮನೆ. ಮರದ ಕಿಟಕಿ, ಕಬ್ಬಿಣದ ಸರಳು. ಹಸಿರು ಎನಾಮೆಲ್ ಮೇಲೆ ಮತ್ತೆ ಮತ್ತೆ ಎನಾಮೆಲ್ ಬಳಿದು ಈಗ ಐದಾರು ಪದರ ಆಗಿದೆ. ಬಿಸಿಲು ಬೀಳುವ ಕಡೆ ಚಕ್ಕೆ ಏಳುತ್ತಿದೆ. ಮಗಳಿಗೆ ಒಂದೂವರೆ ವರ್ಷ. ಕಿಟಕಿ ಹಿಡಿದು ನಿಂತು ಬೀದಿ ನೋಡುತ್ತಾ ಅಲ್ಲೇ ಬಾಯಿ ಹಾಕುತ್ತಾಳೆ. ಪೇಂಟರ್ ಬಂದು ನೋಡಿ, "ಬ್ಲೋ ಲ್ಯಾಂಪ್‌ನಲ್ಲಿ ಸುಟ್ಟು, ಕೆರೆದು, ಉಜ್ಜಿ ಹೊಸದಾಗಿ ಹೊಡೆಯೋಣ" ಅಂದರು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ ಎಂದು ಓದಿ ಕೆಲಸ ನಿಲ್ಲಿಸಿದ್ದೇನೆ. ಅಪ್ಪ ಮಾತ್ರ "ನಾವೆಲ್ಲ ಇದೇ ಕಿಟಕಿ ಹಿಡಿದು ಬೆಳೆದವರಲ್ವಾ" ಅನ್ನುತ್ತಾರೆ. ಸೀಸ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಪೇಂಟಿಂಗ್ ಕಾಂಟ್ರಾಕ್ಟರ್
22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಮೇಡಂ. ಈಗ ಬರುವ ಡಬ್ಬಿಗಳಲ್ಲಿ ಸೀಸ ಇಲ್ಲ ಎಂದೇ ಬರೆದಿರುತ್ತದೆ. ಹಳೇ ಪದರ ಪೂರ್ತಿ ತೆಗೆಯದೆ ಹೊಡೆದರೆ ಎರಡು ಮಳೆಗಾಲಕ್ಕೆ ಎದ್ದು ಬರುತ್ತದೆ. ಪರೀಕ್ಷೆಗೆ ಸುಮ್ನೆ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಒಳ್ಳೆ ಪ್ರೈಮರ್ ತನ್ನಿ.

ಲ್ಯಾಬ್ ಕೆಲಸದವನು
ಸಾರ್, ಹೊಸ ಡಬ್ಬಿ ಬಗ್ಗೆ ನೀವು ಹೇಳಿದ್ದು ಸರಿ. 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದು, 2017ರ ನವೆಂಬರ್‌ನಿಂದ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂದಿದೆ. ಆದರೆ ಅದು ಡಬ್ಬಿಗೆ ಮಾತ್ರ. ಅದಕ್ಕೂ ಮೊದಲು ಕಿಟಕಿಗೆ ಅಂಟಿಕೊಂಡದ್ದು ಹಾಗೇ ಕೂತಿರುತ್ತದೆ. ಇನ್ನೊಂದು ಮಾತು. ಆ ನಿಯಮ ಕೈಗಾರಿಕೆಗೆ ಬಳಸುವ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಗ್ರಿಲ್ ಅಂಗಡಿಯವರು ಯಾವ ಡಬ್ಬಿಯಿಂದ ಹೊಡೆದು ಕೊಟ್ಟಿದ್ದಾರೆ ಎಂದು ಕೇಳುವುದು ಒಳ್ಳೆಯದು.

ಮೇಡಂ, ಗೋಡೆಯ ಸುಣ್ಣ, ಡಿಸ್ಟೆಂಪರ್‌ಗಿಂತ ಎನಾಮೆಲ್ ಮೇಲೇ ಅನುಮಾನ ಜಾಸ್ತಿ ಇರಲಿ. ಅದರಲ್ಲೂ ಹಳದಿ, ಕೆಂಪು, ಹಸಿರು. ಆ ಬಣ್ಣಗಳಿಗೆ ಲೆಡ್ ಕ್ರೋಮೇಟ್ ಎಂಬ ಸೀಸದ ಸಂಯುಕ್ತ ಬಳಸುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲು ಕೆಂಪು ಸೀಸದ ಪ್ರೈಮರ್ ಹಾಕುವ ರೂಢಿಯೂ ಇತ್ತು. ಚಕ್ಕೆ ಕಳಿಸುವುದಾದರೆ ಮೇಲಿನ ಪದರ ಮಾತ್ರ ಕೀಳಬೇಡಿ. ಮರದವರೆಗೂ ಎಲ್ಲ ಪದರ ಬರಬೇಕು, ಆದರೆ ಮರದ ಪುಡಿ ಸೇರಬಾರದು. ಸೇರಿದರೆ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಫೋನ್ ಮಾಡಿ, ಬಣ್ಣದಲ್ಲಿ ಸೀಸ ಅಳೆಯುತ್ತೀರಾ ಎಂದು ಮೊದಲೇ ಕೇಳಿ.

ನ್ಯೂಜೆರ್ಸಿಯಿಂದ
ನಾವು ಇಲ್ಲಿ 1928ರ ಮನೆ ಕೊಂಡಾಗ ಇದೇ ಪಾಡು. ಅಮೆರಿಕದಲ್ಲಿ ಮನೆಗೆ ಸೀಸದ ಬಣ್ಣ ಬಳಸುವುದನ್ನು 1978ರಲ್ಲಿ ನಿಲ್ಲಿಸಿದರು. ಅದಕ್ಕೂ ಹಿಂದಿನ ಮನೆ ಮಾರುವವರು ತಮಗೆ ಗೊತ್ತಿರುವುದನ್ನು ಬರೆದು ಕೊಡಲೇಬೇಕು. ಪರೀಕ್ಷೆ ಮಾಡಿಸಿಕೊಳ್ಳಲು ಕೊಳ್ಳುವವರಿಗೆ 10 ದಿನ ಕೊಡಬೇಕು.

ಲ್ಯಾಬ್‌ನವರ ಮಾತಿಗೆ ನನ್ನದೊಂದು ತಕರಾರು. ಚಕ್ಕೆ ಪರೀಕ್ಷೆ ಸೀಸ ಇದೆಯಾ ಎಂದು ಮಾತ್ರ ಹೇಳುತ್ತದೆ. ಅಪಾಯ ಇದೆಯಾ ಎಂಬುದು ಬೇರೆ ಪ್ರಶ್ನೆ. ನಮ್ಮ ಮನೆಗೆ ಬಂದವರು ಎಕ್ಸ್‌ಆರ್‌ಎಫ್ ಎಂಬ, ಎಕ್ಸ್-ರೇಯಿಂದ ಸೀಸ ಅಳೆಯುವ ಯಂತ್ರ ಹಿಡಿದು, ಬಣ್ಣ ಕೆರೆಯದೆಯೇ ಪ್ರತಿ ಬಾಗಿಲು, ಕಿಟಕಿ ನೋಡಿದರು. ಬಹಳ ಕಡೆ ಸೀಸ ಇತ್ತು. ಆದರೆ ಅವರು ಹೆಚ್ಚು ಹೊತ್ತು ಕೂತದ್ದು ಉಜ್ಜಾಡುವ ಜಾಗಗಳ ಹತ್ತಿರ. ಕಿಟಕಿ ತೆರೆದು ಮುಚ್ಚುವಾಗ ಮರಕ್ಕೆ ಮರ ತಾಗಿ ಕಣ್ಣಿಗೆ ಕಾಣದ ಧೂಳು ಬೀಳುತ್ತದೆ. ಒಂದು ಚದರ ಅಡಿ ನೆಲ ಅಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೇ ಲ್ಯಾಬ್‌ಗೆ ಕಳಿಸಿದರು. ನಮ್ಮ ಊಟದ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಸೀಸ ತುಂಬ ಇದ್ದರೂ ಗಟ್ಟಿಯಾಗಿತ್ತು. ಅದನ್ನು ಮುಟ್ಟಲೇ ಇಲ್ಲ. ಮಗು ಮಲಗುವ ಕೋಣೆಯ ಒಂದೇ ಕಿಟಕಿ ಧೂಳಿನ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು.

ಲ್ಯಾಬ್ ಕೆಲಸದವನು
ಒಪ್ಪುತ್ತೇನೆ, ಆದರೆ ಮೈಸೂರಿನಲ್ಲಿ ಆ ಯಂತ್ರದವರನ್ನು ಎಲ್ಲಿ ಹುಡುಕುತ್ತಾರೆ? ಕೈಗೆ ಸಿಗುವ ಚಕ್ಕೆಯಿಂದ ಶುರು ಮಾಡಲಿ ಎಂದಷ್ಟೇ ನಾನು ಹೇಳಿದ್ದು. ಒರೆಸಿದ ಬಟ್ಟೆಯನ್ನೂ ಅದೇ ಲ್ಯಾಬ್‌ಗೆ ಕೊಡಬಹುದು. ಆದರೆ ಎಷ್ಟು ಜಾಗ ಒರೆಸಿದಿರಿ ಎಂದು ಬರೆದಿರದಿದ್ದರೆ ನಮ್ಮ ಅಂಕಿಗೆ ಅರ್ಥವೇ ಇರುವುದಿಲ್ಲ.

ಮಕ್ಕಳ ಡಾಕ್ಟರ್
ಕಿಟಕಿಯ ಪರೀಕ್ಷೆ ಆಗಲಿ. ಅದಕ್ಕೂ ಮೊದಲು ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ರಕ್ತ ಬೇಡ, ಕೈಗೆ ಅಂಟಿದ ಧೂಳು ಅದರಲ್ಲಿ ಸೇರಬಹುದು. ರಕ್ತನಾಳದಿಂದಲೇ ತೆಗೆಯಲಿ. 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲಿಂದ ಬಂತು ಎಂದು ಹುಡುಕಿ ತಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟ ಯಾವುದೂ ಇಲ್ಲ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 4ರಿಂದ 5 ಪಟ್ಟು ಜಾಸ್ತಿ ಹೀರುತ್ತದೆ. ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು.

ನಿಮ್ಮ ತಂದೆಯವರ ಮಾತಿಗೆ ಒಂದು ಉತ್ತರ. 1990ರ ದಶಕದ ಕೊನೆಯಲ್ಲಿ ಸ್ವಯಂಸೇವಾ ಸಂಸ್ಥೆ ಜಾರ್ಜ್ ಫೌಂಡೇಷನ್‌ನವರು ಬೆಂಗಳೂರು ಸೇರಿ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ 10 ಮೈಕ್ರೋಗ್ರಾಂ ಮೀರಿತ್ತು. ಆಗ ಪೆಟ್ರೋಲ್‌ನಲ್ಲೂ ಸೀಸ ಇತ್ತು. ಹಿಂದಿನವರಿಗೆ ಏನೂ ಆಗಿಲ್ಲ ಎಂದಲ್ಲ, ಯಾರೂ ಅಳೆದಿರಲಿಲ್ಲ. ಕಲಿಕೆ ಸ್ವಲ್ಪ ನಿಧಾನವಾದರೆ, ಮಗು ಚಡಪಡಿಸಿದರೆ, ಕಾರಣ ಕಿಟಕಿ ಎಂದು ಯಾರಿಗೆ ಹೊಳೆಯುತ್ತದೆ?

ಪೇಂಟಿಂಗ್ ಕಾಂಟ್ರಾಕ್ಟರ್
ಡಾಕ್ಟ್ರೇ, ಹೆದರಿಸುವುದು ಸುಲಭ. ನಮ್ಮ ಹುಡುಗರು ದಿನಾ ಉಜ್ಜುತ್ತಾರೆ, ಓಡಾಡಿಕೊಂಡೇ ಇದ್ದಾರೆ. ಸುಡದೆ, ಉಜ್ಜದೆ ಬಣ್ಣ ಕೂರಿಸುವುದು ಹೇಗೆ, ಅದನ್ನು ಹೇಳಿ.

ನ್ಯೂಜೆರ್ಸಿಯಿಂದ
ಇಲ್ಲಿ ಮಾಡಿದ್ದನ್ನು ಹೇಳುತ್ತೇನೆ ಸಾರ್. ಬೆಂಕಿ ಹಿಡಿಯುವಂತಿಲ್ಲ, ಸೀಸ ಹೊಗೆಯಾಗಿ ಎದ್ದು ಮನೆಯೆಲ್ಲ ಕೂರುತ್ತದೆ. ಒಣಗಿದ ಬಣ್ಣ ಉಜ್ಜುವಂತಿಲ್ಲ. ನೀರು ಸಿಂಪಡಿಸಿ ಒದ್ದೆ ಮಾಡಿ, ಎದ್ದ ಚಕ್ಕೆಯಷ್ಟೇ ಕೆರೆದರು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಬಾಗಿಲಿಗೂ ಪ್ಲಾಸ್ಟಿಕ್ ಪರದೆ ಅಂಟಿಸಿದ್ದರು. ಗಟ್ಟಿ ಇರುವ ಕಡೆ ಮೇಲೆ ಬಳಿದು ಮುಚ್ಚಿದರು. ಆ ಒಂದು ಕಿಟಕಿ ಮಾತ್ರ ಬಿಚ್ಚಿ ಹೊಸದು ಹಾಕಿದರು. ಆಮೇಲೆ ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ವ್ಯಾಕ್ಯೂಮ್, ಒದ್ದೆ ಬಟ್ಟೆ, ಮತ್ತೆ ಧೂಳಿನ ಪರೀಕ್ಷೆ. ಕೆಲಸ ಮುಗಿದ ಮೇಲೆ ನೆಲದಲ್ಲಿ ಚದರ ಅಡಿಗೆ 10 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕಿತ್ತು. 2024ರ ನಿಯಮ ಅದನ್ನು 5ಕ್ಕೆ ಇಳಿಸಿದೆ. ಕಿಟಕಿ ಕಟ್ಟೆಗೆ 100 ಇದ್ದದ್ದು 40 ಆಗಿದೆ.

ಬಾಡಿಗೆ ಮನೆಯವಳು
ನಮ್ಮದು ಬಾಡಿಗೆ ಮನೆ, ಹಳೇ ಕಟ್ಟಡ. ಓನರ್ ಏನೂ ಮಾಡಿಸುವುದಿಲ್ಲ. ನಾವೇನು ಮಾಡಬಹುದು?

ಮಕ್ಕಳ ಡಾಕ್ಟರ್
ತೊಟ್ಟಿಲು, ಆಟದ ಸಾಮಾನು ಆ ಕಿಟಕಿಯಿಂದ ದೂರ ಇಡಮ್ಮ. ಪೊರಕೆಯಲ್ಲಿ ಗುಡಿಸಿದರೆ ಧೂಳು ಹಾರುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸು. ಊಟಕ್ಕೆ ಮೊದಲು ಮಗುವಿನ ಕೈ ತೊಳೆಸು. ಚಕ್ಕೆ ಎದ್ದ ಕಡೆ ಸದ್ಯಕ್ಕೆ ಅಗಲವಾದ ಟೇಪ್ ಅಂಟಿಸು.

ಮೈಸೂರಿನ ಹಳೇಮನೆ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕಿಟಕಿ ಚಕ್ಕೆಯಲ್ಲಿ 11,000 ಪಿಪಿಎಂ ಬಂದಿದೆ. ಗೋಡೆಯದು 90ರ ಒಳಗೇ ಇದೆ. ಮಗಳ ರಕ್ತದಲ್ಲಿ 6 ಮೈಕ್ರೋಗ್ರಾಂ. ವರದಿ ಓದಿದ ಅಪ್ಪ ಏನೂ ಮಾತಾಡಲಿಲ್ಲ. ಸಂಜೆ ನೋಡಿದರೆ, ಕಿಟಕಿ ಮುಂದೆ ಮಂಚ ಎಳೆದು ಅಡ್ಡ ಇಟ್ಟಿದ್ದರು. 11,000 ಅಂದರೆ ಎಷ್ಟು ಜಾಸ್ತಿ?

ಲ್ಯಾಬ್ ಕೆಲಸದವನು
ನೂರಕ್ಕೆ 1.1 ಭಾಗ. ಅಮೆರಿಕದಲ್ಲಿ ಹಳೇ ಬಣ್ಣ 5,000 ಪಿಪಿಎಂ ಮುಟ್ಟಿದರೆ ಸೀಸದ ಬಣ್ಣ ಎಂದು ಲೆಕ್ಕ. ನಿಮ್ಮದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಗೋಡೆಯ ಚಿಂತೆ ಬಿಡಿ.

ಮಕ್ಕಳ ಡಾಕ್ಟರ್
6ಕ್ಕೆ ಔಷಧಿ ಬೇಡ. ಮೈಯಿಂದ ಸೀಸ ತೆಗೆಯುವ ಔಷಧಿ ಸಾಮಾನ್ಯವಾಗಿ ರಕ್ತದಲ್ಲಿ 45 ಮೈಕ್ರೋಗ್ರಾಂ ಮುಟ್ಟಿದವರಿಗೆ. ಕಬ್ಬಿಣಾಂಶ ನೋಡಿಸಿ, ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಕಲಾಯಿ ಪಾತ್ರೆ, ಬಿಡಿ ಅರಿಶಿನ ಪುಡಿ, ಕಾಡಿಗೆ ಬಳಸುತ್ತಿದ್ದರೆ ಅದನ್ನೂ ಒಮ್ಮೆ ನೋಡಿ. ಸೀಸ ಒಂದೇ ಕಡೆಯಿಂದ ಬರಬೇಕೆಂದಿಲ್ಲ.

ಪೇಂಟಿಂಗ್ ಕಾಂಟ್ರಾಕ್ಟರ್
ಮೇಡಂ, ಮಗು ವಿಷಯ ಓದಿ ಬೇಜಾರಾಯಿತು. ಪರೀಕ್ಷೆ ಬೇಡ ಎಂದು ಬರೆದವನು ನಾನೇ, ತಪ್ಪಾಯಿತು. ಕಿಟಕಿಯನ್ನು ಹಾಗೇ ಬಿಚ್ಚಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹೊರಗೆ ಸಾಗಿಸಿ. ಮನೆಯೊಳಗೆ ಕೆರೆಯಲು ಯಾರಿಗೂ ಬಿಡಬೇಡಿ.

ಡಾಕ್ಟ್ರೇ, ನಾನು ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗುತ್ತೇನೆ. ಹೋದ ತಕ್ಷಣ ಮೊಮ್ಮಗ ಓಡಿ ಬಂದು ತೊಡೆ ಹತ್ತುತ್ತಾನೆ. ಅವನಿಗೂ ಈ ಪರೀಕ್ಷೆ ಬೇಕಾ?

ಮಕ್ಕಳ ಡಾಕ್ಟರ್
ಬೇಕು. ನಿಮಗೂ, ನಿಮ್ಮ ಹುಡುಗರಿಗೂ ಮಾಡಿಸಿ. ಇವತ್ತಿನಿಂದಲೇ ಕೆಲಸದ ಜಾಗದಲ್ಲಿ ಬಟ್ಟೆ ಬದಲಿಸಿ, ಕೈ ಮುಖ ತೊಳೆದು ಹೊರಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜತೆ ಒಗೆಯಬೇಡಿ.