ಪದಚರ್ಚೆ: ‘ಅಚೀವ್‌ಮೆಂಟ್ ಗ್ಯಾಪ್’ ಎಂದರೆ ಸಾಧನೆಯ ಅಂತರವೇ?

ಪ್ರಶ್ನೆ:

ಅಮೆರಿಕದ ನಗರಗಳ ಪಬ್ಲಿಕ್ ಸ್ಕೂಲುಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳ ಕಲಿಕೆ ಕುರಿತ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ‘ಅಚೀವ್‌ಮೆಂಟ್ ಗ್ಯಾಪ್’ ಎಂಬ ಮಾತು ಅದರಲ್ಲಿ ಪುಟಪುಟಕ್ಕೂ ಇದೆ. ‘ಸಾಧನೆಯ ಅಂತರ’ ಎಂದು ಹಾಕಿದರೆ ಯಾಕೋ ಒಗ್ಗುತ್ತಿಲ್ಲ. ‘ಕಲಿಕಾ ಅಂತರ’, ‘ಶೈಕ್ಷಣಿಕ ಕಂದಕ’ ಇವುಗಳಲ್ಲಿ ಯಾವುದು ಸರಿ? ‘ಎಜುಕೇಶನ್ ಡೆಟ್’ ಎಂಬುದನ್ನು ‘ಶಿಕ್ಷಣದ ಸಾಲ’ ಎನ್ನಬಹುದೇ? ‘ರೇಸ್’ಗೆ ‘ಜನಾಂಗ’ ಎಂದರೆ ಸಾಕೇ? ತಿಳಿದವರು ಹೇಳಬೇಕು.

ಉತ್ತರ 1:

‘ಸಾಧನೆ’ ಬೇಡ. ಕನ್ನಡದಲ್ಲಿ ಸಾಧನೆ ಎಂದರೆ ಒಬ್ಬರ ಛಲಕ್ಕೆ, ದುಡಿಮೆಗೆ ಸಂದ ಫಲ. ರಾಜ್ಯೋತ್ಸವ ಪ್ರಶಸ್ತಿಗೆ ಸಾಧಕರನ್ನು ಆರಿಸುತ್ತಾರೆ. ‘ಸಾಧಿಸಿಬಿಟ್ಟ’ ಎಂದರೆ ಹಟ ಹಿಡಿದು ಗೆದ್ದ ಎಂದರ್ಥ. ಹೀಗಿರುವಾಗ ‘ಕಪ್ಪು ಮಕ್ಕಳ ಸಾಧನೆ ಕಡಿಮೆ’ ಎಂದು ಬರೆದರೆ ಆ ಮಕ್ಕಳು ಕಷ್ಟಪಟ್ಟು ಓದಲಿಲ್ಲ ಎಂದೇ ಕಿವಿಗೆ ಬೀಳುತ್ತದೆ. ಪರೀಕ್ಷೆ ಮಾಡುವವರ ಮಾತಿನಲ್ಲಿ ಅಚೀವ್‌ಮೆಂಟ್ ಅಷ್ಟು ದೊಡ್ಡದಲ್ಲ. ಆ ತರಗತಿಗೆ ಗೊತ್ತುಮಾಡಿದ್ದರಲ್ಲಿ ಮಗುವಿಗೆ ಎಷ್ಟು ಬಂದಿದೆ ಎಂಬ ಅಳತೆ ಅದು. ‘ರಾಷ್ಟ್ರೀಯ ಸಾಧನಾ ಸಮೀಕ್ಷೆ’ ಎಂಬ ಹೆಸರು ನಮ್ಮಲ್ಲಿ ನೆಲೆನಿಂತಿದೆ ನಿಜ. ಹೆಸರಾಗಿ ಇರಲಿ, ವಾಕ್ಯದೊಳಕ್ಕೆ ತರುವುದು ಬೇಡ.

‘ಕಲಿಕಾ ಅಂತರ’ದ ತೊಡಕು ಬೇರೆ. ಮೇಷ್ಟ್ರುಗಳು ಇದನ್ನು ಆಗಲೇ ಇನ್ನೊಂದು ಅರ್ಥದಲ್ಲಿ ಬಳಸುತ್ತಿದ್ದಾರೆ: ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪಾಠವಷ್ಟೇ ಓದಲು ಬಂದರೆ ಅದು ಕಲಿಕಾ ಅಂತರ, ಅದಕ್ಕೆ ಮದ್ದು ಪರಿಹಾರ ಬೋಧನೆ. ಇಲ್ಲಿ ಅಳೆಯುತ್ತಿರುವುದು ಎರಡು ಗುಂಪುಗಳ ಸರಾಸರಿಗಳ ನಡುವಿನ ದೂರವನ್ನು. ಹಾಗಾಗಿ ಮೊದಲ ಸಲ ‘ಕಪ್ಪು–ಬಿಳಿಯ ಮಕ್ಕಳ ಕಲಿಕೆಯ ಮಟ್ಟದ ನಡುವಿನ ಅಂತರ’ ಎಂದು ಪೂರ್ತಿ ಬರೆದು, ಆಮೇಲೆ ‘ಈ ಅಂತರ’ ಎನ್ನುತ್ತಾ ಹೋಗಬಹುದು. (‘ಕಲಿಕೆಯ’ ಎಂಬ ಒಳ್ಳೆಯ ಕನ್ನಡವಿರುವಾಗ ಅದನ್ನು ‘ಕಲಿಕಾ’ ಎಂದು ಸಂಸ್ಕೃತದ ಅಚ್ಚಿಗೆ ಹಾಕುವುದೇಕೋ.)

ಅಂಕಿ ಬರುವ ವಾಕ್ಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿನ ರಾಷ್ಟ್ರಮಟ್ಟದ ಪರೀಕ್ಷೆ ‘ನೇಪ್’. 2019ರಲ್ಲಿ ಎಂಟನೇ ತರಗತಿಯ ಗಣಿತದಲ್ಲಿ ಇಡೀ ದೇಶದ ಬಿಳಿಯ ಮಕ್ಕಳ ಸರಾಸರಿ 292, ಕಪ್ಪು ಮಕ್ಕಳದು 260. ಇದನ್ನು ‘ಕಪ್ಪು ಮಕ್ಕಳು 32 ಅಂಕ ಹಿಂದೆ’ ಎಂದು ಬರೆದರೆ ಎರಡು ತಪ್ಪಾಗುತ್ತವೆ. ಒಂದು, ಕನ್ನಡ ಓದುಗರಿಗೆ ಅಂಕ ಎಂದರೆ ನೂರಕ್ಕೆ ಇಷ್ಟು. ನೇಪ್ ಮಾಪಕ 0ಯಿಂದ 500ರವರೆಗಿನದು, 32 ಎಂಬುದು ಶೇಕಡಾ 32 ಅಲ್ಲ. ಎರಡು, ‘ಸರಾಸರಿ’ ಬಿಟ್ಟುಹೋದರೆ ಪ್ರತಿಯೊಂದು ಕಪ್ಪು ಮಗುವೂ ಹಿಂದೆ ಎಂದಾಗುತ್ತದೆ. 1990ರ ಅಂಕಿಯೂ ಜೊತೆಗಿರಲಿ: ಆಗ 270 ಮತ್ತು 237. 2019ರ ಹೊತ್ತಿಗೆ ಇಬ್ಬರ ಸರಾಸರಿಯೂ ಇಪ್ಪತ್ತಕ್ಕೂ ಹೆಚ್ಚು ಏರಿತ್ತು, ನಡುವಿನ ದೂರ ಮಾತ್ರ ಹೆಚ್ಚೇನೂ ಕದಲಿರಲಿಲ್ಲ. ‘ಆ ಮಕ್ಕಳು ಕಲಿಯುತ್ತಿಲ್ಲ’ ಎಂಬ ಅರ್ಥ ಕೊಡುವ ಯಾವ ಅನುವಾದವೂ ಸುಳ್ಳು ಎಂಬುದಕ್ಕೆ ಇದೇ ಸಾಕ್ಷಿ.

ಕಾರಣದ ಮಾತು ಬಂದಾಗ ‘ಅವಕಾಶದ ಅಂತರ’ ಎಂಬ ಬೇರೆ ಪದವೇ ಬೇಕು. ಅಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿದ, ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ಪ್ರಕರಣದ ಲೆಕ್ಕ ನೋಡಿ. ಒಂದೇ ಊರಿನ, ತಮ್ಮತಮ್ಮ ತೆರಿಗೆ ಹಾಕಿಕೊಳ್ಳುವ ಎರಡು ಶಾಲಾ ಆಡಳಿತಗಳು (ಸ್ಕೂಲ್ ಡಿಸ್ಟ್ರಿಕ್ಟ್). ಎಡ್ಜ್‌ವುಡ್‌ನಲ್ಲಿ ಬಹುತೇಕ ಮೆಕ್ಸಿಕನ್ ಮೂಲದ ಬಡ ಮಕ್ಕಳು. ಆಸ್ತಿಯ ನೂರು ಡಾಲರಿಗೆ 1.05 ಡಾಲರ್ ತೆರಿಗೆ ಹಾಕಿದರೂ ಒಂದು ಮಗುವಿಗೆ ಹುಟ್ಟಿದ್ದು 26 ಡಾಲರ್. ಶ್ರೀಮಂತ ಬಿಳಿಯರ ಅಲಾಮೋ ಹೈಟ್ಸ್‌ನಲ್ಲಿ ಬರೀ 85 ಸೆಂಟ್ ತೆರಿಗೆಗೆ 333 ಡಾಲರ್. ರಾಜ್ಯ, ಕೇಂದ್ರಗಳ ಹಣ ಸೇರಿದ ಮೇಲೂ ಮೊದಲನೆಯದರಲ್ಲಿ ಮಗುವಿಗೆ 356 ಡಾಲರ್, ಎರಡನೆಯದರಲ್ಲಿ 594. ಹೆಚ್ಚು ತೆರಿಗೆ ಕಟ್ಟಿದವರ ಮಕ್ಕಳಿಗೇ ಕಡಿಮೆ. ಕೋರ್ಟು ಈ ಪದ್ಧತಿಯನ್ನು 5–4ರ ಬಹುಮತದಿಂದ ಎತ್ತಿಹಿಡಿಯಿತು. ಇದನ್ನು ‘ಸಾಧನೆ’ ಎಂಬ ಪದದ ಕೆಳಗೆ ಮುಚ್ಚಿಡಲು ಮನಸ್ಸು ಬರುವುದಿಲ್ಲ.

‘ಎಜುಕೇಶನ್ ಡೆಟ್’ ಅಮೆರಿಕದ ಶಿಕ್ಷಣತಜ್ಞೆ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ 2006ರ ಭಾಷಣವೊಂದರಲ್ಲಿ ಮುಂದಿಟ್ಟ ಮಾತು. ಬಜೆಟ್ಟಿನಲ್ಲಿ ಆಯಾ ವರ್ಷದ ಕೊರತೆ ಬೇರೆ, ಕೊರತೆಗಳು ಬೆಳೆದು ಕೂಡಿದ ಹೊರೆ ಬೇರೆ. ಅಂಕಗಳ ಅಂತರ ವರ್ಷದ ಕೊರತೆಯಂತೆ, ಅದರ ಹಿಂದೆ ತಲೆತಲಾಂತರದಿಂದ ಕೊಡದೆ ಉಳಿಸಿಕೊಂಡದ್ದು ಇದೆ ಎಂಬುದು ಅವರ ವಾದ. ‘ಶಿಕ್ಷಣ ಸಾಲ’ ಎಂದರೆ ನಮ್ಮವರು ಬ್ಯಾಂಕಿಗೆ ಹೊರಡುತ್ತಾರೆ. ‘ಋಣ’ ಎಂದರೆ ಉಂಡವರ ಮೇಲೆಯೇ ಭಾರ ಬೀಳುತ್ತದೆ. ‘ಶಿಕ್ಷಣದ ಬಾಕಿ’ ಎನ್ನಿ. ಕಬ್ಬಿನ ಬಾಕಿ, ಸಂಬಳದ ಬಾಕಿ ಎಂದಾಗ ಕೊಡಬೇಕಾದವರು ಯಾರು, ಸಿಗಬೇಕಾದದ್ದು ಯಾರಿಗೆ ಎಂದು ಕನ್ನಡದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

‘ಜನಾಂಗ’ ಇಟ್ಟುಕೊಳ್ಳಿ, ಆದರೆ ಒಂಟಿಯಾಗಿ ಬಿಡಬೇಡಿ. ನಮ್ಮಲ್ಲಿ ಅದು ಜಾತಿಯೂ ಹೌದು (‘ಹಿಂದುಳಿದ ಜನಾಂಗ’), ಪೀಳಿಗೆಯೂ ಹೌದು (‘ಯುವ ಜನಾಂಗ’). ‘ಕಪ್ಪು–ಬಿಳಿ ಜನಾಂಗಭೇದ’ ಎಂದರೆ ಗೊಂದಲವಿಲ್ಲ. ‘ವರ್ಣ’ ಎಂದರೆ ಮನಸ್ಸು ಚಾತುರ್ವರ್ಣ್ಯದ ಕಡೆ ಹೋಗುತ್ತದೆ. ‘ನೀಗ್ರೋ’ ಹಳೆಯ ದಾಖಲೆಯನ್ನು ಉದ್ಧರಿಸುವಾಗ ಮಾತ್ರ.

ಕೇಳದಿದ್ದರೂ ಒಂದು ಮಾತು: ‘ಫ್ರೀ ಲಂಚ್ ಪಡೆಯುವ ಮಕ್ಕಳು’ ಎಂದಿದ್ದರೆ ‘ಬಿಸಿಯೂಟ’ ಎನ್ನಬೇಡಿ. ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟ ಎಲ್ಲರಿಗೂ. ಅಲ್ಲಿ ಮನೆಯ ಆದಾಯ ಬಡತನ ರೇಖೆಯ ಶೇ 130ರೊಳಗಿದ್ದರೆ ಉಚಿತ, ಶೇ 185ರೊಳಗಿದ್ದರೆ ರಿಯಾಯಿತಿ ಎಂಬ ನಿಯಮವಿರುವುದರಿಂದ, ವರದಿಗಳಲ್ಲಿ ಅದು ಬಡತನದ ಗುರುತಾಗಿ ಬರುತ್ತದೆ.

ಉತ್ತರ 2:

‘ಶಿಕ್ಷಣದ ಬಾಕಿ’ ಎಂಬುದನ್ನು ಒಪ್ಪಿದೆ. ಆದರೆ ಪ್ರಶ್ನೆಯಲ್ಲಿದ್ದ ‘ಕಂದಕ’ವನ್ನು ಪೂರ್ತಿ ಬಿಡಬೇಡಿ. ಪತ್ರಿಕೆಗಳು ಕಂದಕ, ಕಂದರ ಎರಡನ್ನೂ ಒಂದೇ ಎಂಬಂತೆ ಬರೆಯುತ್ತವೆ. ಕಂದರ ಸಂಸ್ಕೃತದ್ದು: ಗವಿ, ಕಣಿವೆ, ತಾನಾಗಿ ಆದದ್ದು. ಕಂದಕ ಅರಬ್ಬೀ–ಪಾರಸಿ ದಾರಿಯಲ್ಲಿ ಬಂದದ್ದು: ಕೋಟೆಯ ಸುತ್ತ ಆಳುಗಳನ್ನಿಟ್ಟು ತೋಡಿಸಿದ್ದು. ಅಮೆರಿಕದ ಡೆಟ್ರಾಯ್ಟ್ ನಗರದ ಮಾತು ಬಂದಲ್ಲಿ ಕಂದಕವೇ ಸರಿ. ಊರೊಳಗಿನ ಕಪ್ಪು ಮಕ್ಕಳನ್ನೂ ಸುತ್ತಲ 53 ಉಪನಗರ ಆಡಳಿತಗಳ ಬಿಳಿಯ ಮಕ್ಕಳನ್ನೂ ಕೂಡಿಸಿ ಓದಿಸುವ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಅದೂ 5–4ರಲ್ಲೇ. ಗಡಿಗಳು ಹಾಗೇ ಉಳಿದವು.

ಇದೇ ಕಾರಣಕ್ಕೆ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬುದನ್ನು ‘ಶಾಲಾ ಜಿಲ್ಲೆ’ ಎನ್ನಬಾರದು. ನಮ್ಮ ಜಿಲ್ಲೆಗೆ ಶಾಲೆಗಾಗಿ ತನ್ನದೇ ತೆರಿಗೆ ಇಲ್ಲ, ಅದಕ್ಕಿದೆ. ಕನ್ನಡ ಲಿಪಿಯಲ್ಲಿ ಹಾಗೇ ಬರೆದು, ಮೊದಲ ಸಲ ‘ಸ್ವಂತ ತೆರಿಗೆ, ಸ್ವಂತ ಗಡಿ ಇರುವ ಶಾಲಾ ಆಡಳಿತ’ ಎಂದು ಬಿಡಿಸಿ.

‘ಅರ್ಬನ್ ಸ್ಕೂಲ್’ ಕೂಡ ಕೈಕೊಡುತ್ತದೆ. ನಮಗೆ ‘ನಗರದ ಶಾಲೆ’ ಎಂದರೆ ಅನುಕೂಲವಂತರದು. ಸಿಇಟಿಯಲ್ಲಿ ಶೇ 15 ಮೀಸಲಾತಿ ಇರುವುದು ಹಳ್ಳಿಯಲ್ಲಿ ಓದಿದವರಿಗೆ. ಅಲ್ಲಿ ತಿರುವುಮುರುವು: ಉಳ್ಳವರು ಉಪನಗರಕ್ಕೆ ಹೋದರು, ಊರ ನಡುವೆ ಉಳಿದದ್ದು ಬಡವರ ಶಾಲೆ. ‘ಊರ ನಡುವಿನ ಬಡ ಕೇರಿಗಳ ಸರ್ಕಾರಿ ಶಾಲೆ’ ಎಂದು ಒಮ್ಮೆಯಾದರೂ ಬರೆಯಿರಿ. ‘ಪಬ್ಲಿಕ್ ಸ್ಕೂಲ್’ ಎಂದೇ ಬಿಟ್ಟರೆ, ಬೋರ್ಡಿನಲ್ಲಿ ಆ ಹೆಸರಿಟ್ಟುಕೊಂಡು ಡೊನೇಶನ್ ಕೇಳುವ ಖಾಸಗಿ ಶಾಲೆಯೇ ಓದುಗರ ಕಣ್ಣಿಗೆ ಕಟ್ಟುತ್ತದೆ.